ಮೈಸೂರಿನ ಹೆಸರುಳ್ಳ ಮುಳ್ಳುಗಿಡವೂ ಗಲಾಪಗೋಸ್ ದ್ವೀಪಗಳೂ

ಹಿಮಾಲಯದ ತಪ್ಪಲಿನಲ್ಲಿಯೂ ದಕ್ಷಿಣ ಭಾರತದ ಎತ್ತರವಾದ ಬೆಟ್ಟಗಳಲ್ಲಿಯೂ ತಾನಾಗಿ ಬೆಳೆಯುವ ಒಂದು ಮುಳ್ಳುಪೊದೆಗೆ ಇಂಗ್ಲಿಷು ಭಾಷೆಯಲ್ಲಿ ‘ಮೈಸೂರು ರಾಸ್ಪ್‌ಬೆರಿ’ ಎಂಬ ಹೆಸರು ಬಿದ್ದಿರುತ್ತದೆ. ಸಸ್ಯಶಾಸ್ತ್ರಜ್ಞರು ಇದನ್ನು ರೂಬಸ್ ನಿವಿಯಸ್ ಎಂದು ಕರೆಯುತ್ತಾರೆ. ಕಾಂಡದ ಮೇಲೆ ಸುಣ್ಣ ಬಳಿದಂಥ ಬಿಳುಪು, ಎಲೆಯ ಅಡಿಭಾಗದಲ್ಲಿ ಬಿಳಿಯ ನವುರು, ಕೊಕ್ಕೆಯಂತೆ ಬಾಗಿದ ಮುಳ್ಳು, ಮಾಗಿದಾಗ ಕಪ್ಪಾಗುವ ಸಿಹಿಯಾದ ಸಣ್ಣ ಹಣ್ಣು: ಇವು ಇದರ ಗುರುತುಗಳು. ನಮ್ಮ ದೇಶದ ಬೆಟ್ಟಗಳಲ್ಲಿ ಇದು ಹತ್ತು ಪೊದೆಗಳ ನಡುವೆ ಒಂದು ಪೊದೆಯಾಗಿ ಇದ್ದುಕೊಂಡಿದೆ. ಇದರಿಂದ ಯಾರಿಗೂ ಹೇಳಿಕೊಳ್ಳುವಂಥ ಉಪದ್ರವವಿಲ್ಲ.

ಇದೇ ಗಿಡವು ಪೆಸಿಫಿಕ್ ಮಹಾಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ಈಗ ಎಲ್ಲಕ್ಕಿಂತಲೂ ಕೆಟ್ಟ ಕಳೆಯೆನಿಸಿಕೊಂಡಿದೆ. 1968ರಲ್ಲಿ ಹಣ್ಣಿನ ಆಸೆಯಿಂದ ವ್ಯವಸಾಯಕ್ಕೆಂದು ತರಲ್ಪಟ್ಟ ಈ ಗಿಡವು ಅಲ್ಲಿ ಸುಮಾರು 75,000 ಎಕರೆಗಳಷ್ಟು ಭೂಮಿಯಲ್ಲಿ ಹಬ್ಬಿದೆಯೆಂದು ಲೆಕ್ಕ ಹಾಕಿರುತ್ತಾರೆ. ಒಂದು ಸ್ಥಳದಲ್ಲಿ ಸಾಧುವಾಗಿರುವ ಸಸ್ಯವು ಮತ್ತೊಂದು ಸ್ಥಳದಲ್ಲಿ ಹೀಗೆ ಶತ್ರುವಾಗುವುದು ಹೇಗೆ, ಅದನ್ನು ತಡೆಯಲು ಅಲ್ಲಿಯವರು ಮಾಡಿದ ಪ್ರಯತ್ನಗಳಲ್ಲಿ ಯಾವುವು ಫಲಿಸಿದವು, ಯಾವುವು ವ್ಯರ್ಥವಾದವು ಎಂಬುದನ್ನು ನಮ್ಮ ಹಿಡುವಳಿದಾರರೂ ಗ್ರಾಮದ ಯಜಮಾನರೂ ತಿಳಿದಿರುವುದು ಯುಕ್ತವೆಂದು ಈ ಪತ್ರಿಕೆಯನ್ನು ಬರೆದಿದೆ. ಅಲ್ಲಿ ವ್ಯರ್ಥವಾದ ಪ್ರಯತ್ನಗಳಲ್ಲಿ ಅನೇಕವು ಗಿಡದ ಬಲದಿಂದಲ್ಲ, ಜಮೀನುದಾರರ ಒಡಂಬಡಿಕೆ ದೊರೆಯದೆ ನಿಂತುಹೋದವು. ಆದಕಾರಣ ಸಂಗತಿಯು ದೂರದ್ದಾದರೂ ವಿಷಯವು ನಮಗೆ ದೂರದ್ದಲ್ಲ.

ದ್ವೀಪಗಳ ಸ್ಥಿತಿ

ಗಲಾಪಗೋಸ್ ದ್ವೀಪಸ್ತೋಮವು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ್ದು. ಆ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 600 ಮೈಲಿ ದೂರದಲ್ಲಿದೆ. ಅಗ್ನಿಪರ್ವತಗಳು ಸಮುದ್ರದ ತಳದಿಂದ ಮೇಲೆದ್ದು ಆದ ನೆಲವಿದು. ಯಾವ ಕಾಲದಲ್ಲಿಯೂ ಬೇರೆ ಭೂಮಿಗೆ ಅಂಟಿಕೊಂಡಿದ್ದಿಲ್ಲ. ಗಾಳಿಯಲ್ಲಿ ತೇಲಿ, ಸಮುದ್ರದಲ್ಲಿ ಹರಿದು, ಹಕ್ಕಿಯ ಕಾಲಿಗೆ ಮೆತ್ತಿಕೊಂಡು ಬಂದ ಕೆಲವೇ ಜಾತಿಯ ಬೀಜಗಳಿಂದ ಅಲ್ಲಿಯ ಸಸ್ಯವರ್ಗವೆಲ್ಲವೂ ಹುಟ್ಟಿತು. 1835ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಅಲ್ಲಿಗೆ ಹೋಗಿ, ಪ್ರಪಂಚದ ಬೇರೆಲ್ಲಿಯೂ ಕಾಣದ ಹಕ್ಕಿಗಳನ್ನೂ ಆಮೆಗಳನ್ನೂ ಗಿಡಗಳನ್ನೂ ನೋಡಿದನು.

ಹೀಗೆ ಕೆಲವೇ ಜಾತಿಗಳು ಬಂದು ನೆಲಸಿದ್ದರಿಂದ ಆದ ಒಂದು ವಿಚಿತ್ರವನ್ನು ಹೇಳಬೇಕು. ನಮ್ಮ ಹೊಲಗಳಲ್ಲಿ ಬೆಳೆಯುವ ಹುಚ್ಚೆಳ್ಳು, ತೋಟದ ಸೂರ್ಯಕಾಂತಿ, ಇವುಗಳ ಕುಟುಂಬಕ್ಕೆ ಸೇರಿದ ಒಂದು ಸಸ್ಯವು ಅಲ್ಲಿ ಮರವಾಗಿ ಬೆಳೆಯುತ್ತದೆ. ಇದರ ಹೆಸರು ಸ್ಕೇಲೀಸಿಯ. ಇದರಲ್ಲಿ ಸುಮಾರು 15 ಜಾತಿಗಳಿದ್ದು, ಎಲ್ಲವೂ ಆ ದ್ವೀಪಗಳಲ್ಲಿ ಮಾತ್ರ ಇರತಕ್ಕವು. ದೊಡ್ಡ ಮರಗಳ ಪೈಪೋಟಿ ಇಲ್ಲದ ಕಾರಣ ಒಂದು ಜಾತಿಯು ಸುಮಾರು 50 ಅಡಿ ಎತ್ತರಕ್ಕೆ ಏರಿ, ಬೆಟ್ಟದ ತೇವವುಳ್ಳ ಭಾಗಗಳಲ್ಲಿ ಒತ್ತಾದ ಕಾಡುಗಳನ್ನು ಮಾಡಿಕೊಂಡಿತು. ಆದರೆ ಮರದ ಆಕಾರ ಬಂದಿತೇ ಹೊರತು ಮರದ ಆಯುಸ್ಸು ಬರಲಿಲ್ಲ. ಇದು ಬೇಗ ಬೆಳೆದು, ಕೆಲವು ದಶಕಗಳೊಳಗೆ ಸಾಯುತ್ತದೆ. ಅದೂ ಒಂದೊಂದಾಗಿ ಸಾಯದೆ, ಅತಿವೃಷ್ಟಿಯೋ ಅನಾವೃಷ್ಟಿಯೋ ಬಂದ ವರ್ಷದಲ್ಲಿ ಒಂದು ತಾಕಿನ ಮುದಿ ಮರಗಳೆಲ್ಲ ಒಟ್ಟಿಗೆ ಬೀಳುವುದುಂಟು. ಆಗ ನೆಲಕ್ಕೆ ಬಿಸಿಲು ಬಿದ್ದು, ಅಡಿಯಲ್ಲಿ ಕಾದಿದ್ದ ಬೀಜಗಳು ಒಮ್ಮೆಗೇ ಮೊಳೆತು ಹೊಸ ಕಾಡು ಏಳುತ್ತದೆ. ಈ ಕಾಡಿನ ಬಾಳುವೆಯೆಲ್ಲವೂ ಆ ಬಿಸಿಲನ್ನೇ ನಂಬಿಕೊಂಡಿರುತ್ತದೆ.

ರಾಸ್ಪ್‌ಬೆರಿಯು ಹೊಡೆಯುವ ಪೆಟ್ಟು ಸರಿಯಾಗಿ ಇಲ್ಲಿಗೇ ಬೀಳುತ್ತದೆ. ಅದು ನಿಂತ ಮರವನ್ನು ಕೊಲ್ಲುವುದಿಲ್ಲ. ಆಳಿಗಿಂತ ಎತ್ತರವಾಗಿ, ಕೆಲವು ಕಡೆ 12 ಅಡಿಗೂ ಮೀರಿ ಬೆಳೆದು ಕಾಡಿನ ಅಡಿಯನ್ನು ಮುಚ್ಚಿಬಿಡುತ್ತದೆ. ಮುದಿ ಮರ ಬಿದ್ದಾಗ ಮೇಲಿನಿಂದ ಬಂದ ಬೆಳಕನ್ನು ನೆಲಕ್ಕೆ ಇಳಿಯಗೊಡದೆ ತಾನೇ ಹೀರಿಕೊಳ್ಳುತ್ತದೆ. ಸ್ಕೇಲೀಸಿಯದ ಮರಿಗಳು ಮೊಳೆಯುವುದಿಲ್ಲ, ಮೊಳೆತರೂ ಬದುಕುವುದಿಲ್ಲ. ನೋಡುವವನಿಗೆ ಕಾಡು ಹಸಿರಾಗಿಯೇ ಕಾಣುತ್ತದೆ; ಆದರೆ ಮಕ್ಕಳಿಲ್ಲದ ಮುದುಕರ ಊರಿನಂತೆ ಅದರ ಕಾಲ ಎಣಿಸಿದ್ದಾಗಿರುತ್ತದೆ. ಸಾಂತಾಕ್ರೂಜ್ ಎಂಬ ದ್ವೀಪದಲ್ಲಿ ಮೊದಲಿದ್ದ ಈ ಕಾಡಿನಲ್ಲಿ ನೂರಕ್ಕೆ 3 ಪಾಲಿನಷ್ಟು ಮಾತ್ರ ಉಳಿದಿದೆ. ಇದರಲ್ಲಿ ಬಹುಭಾಗವನ್ನು ಸಾಗುವಳಿಗಾಗಿ ಮನುಷ್ಯರೇ ಕಡಿದರೆಂಬುದನ್ನು ಮರೆಮಾಚಬಾರದು. ಕೊಡಲಿಯಿಂದ ಉಳಿದುಕೊಂಡದ್ದನ್ನು ಈಗ ಮುಳ್ಳುಪೊದೆಯು ನುಂಗುತ್ತಿದೆ. ಆ ಕಾಡನ್ನು ಆಶ್ರಯಿಸಿದ ಸಣ್ಣ ಹಕ್ಕಿಗಳಿಗೂ ನೆಲದ ಮೇಲಿನ ಹುಳುಹುಪ್ಪಟೆಯ ಆಹಾರಕ್ಕೂ ಸಂಚಕಾರ ಬಂದಿರುತ್ತದೆ.

ಈ ಗಿಡಕ್ಕೆ ಅಲ್ಲಿ ಇಷ್ಟು ಬಲ ಬರಲು ಮುಖ್ಯ ಕಾರಣಗಳು ಎರಡು. ತನ್ನ ಹುಟ್ಟುನೆಲದಲ್ಲಿ ಇದರ ಎಲೆಯನ್ನು ತಿನ್ನುವ ಹುಳು, ಕಾಂಡಕ್ಕೆ ಹತ್ತುವ ತುಕ್ಕುರೋಗ ಮೊದಲಾದ ಶತ್ರುಗಳಿರುತ್ತವೆ. ಹಡಗಿನಲ್ಲಿ ಬೀಜವು ಬಂದಿತು, ಶತ್ರುಗಳು ಬರಲಿಲ್ಲ. ಎರಡನೆಯದು, ಇದರ ಸಂತಾನವೃದ್ಧಿಯ ಬಗೆ. ಬಾಗಿದ ಕೊಂಬೆಯ ತುದಿ ನೆಲಕ್ಕೆ ತಗುಲಿದಲ್ಲಿ ಬೇರು ಬಿಟ್ಟು ಹೊಸ ಪೊದೆಯಾಗುತ್ತದೆ. ಹಣ್ಣನ್ನು ಹಕ್ಕಿಗಳು ತಿಂದು ದೂರ ದೂರ ಉದುರಿಸುತ್ತವೆ. ಪೊದೆಯ ಕೆಳಗಿನ ಒಂದು ಚದರ ಗಜದ ಮಣ್ಣಿನಲ್ಲಿ ಸಾವಿರಗಟ್ಟಲೆ ಬೀಜಗಳು ಸೇರಿದ್ದು, ಅವು ಹಲವು ವರ್ಷಗಳ ತನಕ ಜೀವ ಹಿಡಿದುಕೊಂಡಿರುತ್ತವೆ. ಆದುದರಿಂದ ಪೊದೆಯನ್ನು ಕಡಿದವನು ಕೆಲಸದಲ್ಲಿ ಕಾಲು ಭಾಗವನ್ನು ಮಾತ್ರ ಮಾಡಿದಂತಾಯಿತು.

ಇಲ್ಲಿ ಮತ್ತೊಂದು ಸ್ವಾರಸ್ಯವುಂಟು. ದನಗಳ ಮೈಮೇಲಿನ ಉಣ್ಣೆಗಳನ್ನು ತಿಂದು ಉಪಕಾರ ಮಾಡೀತೆಂದು 1960ರ ದಶಕದಲ್ಲಿ ಅಲ್ಲಿಗೆ ಆನಿ ಎಂಬ ಕರಿಯ ಹಕ್ಕಿಯನ್ನು ತಂದು ಬಿಟ್ಟರೆಂದು ಹೇಳುತ್ತಾರೆ. ಈಗ ಆ ಹಕ್ಕಿಯು ರಾಸ್ಪ್‌ಬೆರಿಯ ಹಣ್ಣನ್ನು ತಿಂದು ಅದರ ಬೀಜವನ್ನು ಹರಡುವುದರಲ್ಲಿ ನಿರತವಾಗಿದೆ. ಹೊರಗಿನಿಂದ ಬಂದವರು ಒಬ್ಬರಿಗೊಬ್ಬರು ನೆರವಾಗುವುದು ದ್ವೀಪಗಳಲ್ಲಿ ಸಾಮಾನ್ಯ. ನಮ್ಮ ಕಡೆಯ ಪಿಕಳಾರ ಹಕ್ಕಿಯನ್ನು ಸಾಕುವುದಕ್ಕಾಗಿ ತಾಹಿತಿ ದ್ವೀಪಕ್ಕೆ ಒಯ್ದದ್ದರ ಫಲವಾಗಿ, ಅಲ್ಲಿ 1937ರಲ್ಲಿ ಅಲಂಕಾರಕ್ಕೆಂದು ನೆಡಲ್ಪಟ್ಟ ಮೈಕೋನಿಯ ಎಂಬ ಅಗಲ ಎಲೆಯ ಮರವು ಇನ್ನಷ್ಟು ಹಬ್ಬಿ, ಈಗ ಆ ದ್ವೀಪದ ಮೂರರಲ್ಲಿ ಎರಡು ಪಾಲನ್ನು ಆವರಿಸಿದೆ.

ಕೀಳುವ ಪ್ರಯತ್ನಗಳು

ಗಲಾಪಗೋಸ್ ದ್ವೀಪಗಳ ನೆಲದಲ್ಲಿ ನೂರಕ್ಕೆ 97 ಪಾಲು 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಉಳಿದ 3 ಪಾಲಿನಲ್ಲಿ ಊರುಗಳೂ ಹೊಲಗಳೂ ಇರುತ್ತವೆ. ಆದರೆ ಹೊಲಗಳಿರುವುದು ಮಳೆ ಬೀಳುವ ಎತ್ತರದ ನೆಲದಲ್ಲಿಯೇ. ಅಂದರೆ ಸ್ಕೇಲೀಸಿಯದ ಕಾಡಿಗೆ ಒತ್ತಿಕೊಂಡೇ ರೈತರ ಜಮೀನುಗಳಿವೆ. ಈಚಿನ ವರ್ಷಗಳಲ್ಲಿ ಯಾತ್ರಿಕರ ಸಂಖ್ಯೆ ಹೆಚ್ಚಿ, ಬಂದರಿನ ಊರುಗಳಲ್ಲಿ ಕೂಲಿಯೂ ಸಂಬಳವೂ ಅಧಿಕವಾದುದರಿಂದ ರೈತರ ಮಕ್ಕಳು ಬೆಟ್ಟ ಇಳಿದುಹೋದರು. ಬೀಳುಬಿದ್ದ ಹೊಲಗಳಲ್ಲಿ ರಾಸ್ಪ್‌ಬೆರಿಯೂ ಸೀಬೆಯೂ ತುಂಬಿಕೊಂಡು, ಅವು ಪಕ್ಕದ ಕಾಡಿಗೂ ಪಕ್ಕದವನ ಹೊಲಕ್ಕೂ ಬೀಜದ ಕಣಜಗಳಾದವು. ಇದನ್ನು ಓದುವವರಿಗೆ ತಮ್ಮ ಊರಿನ ಬೀಳು ಜಮೀನುಗಳು ನೆನಪಿಗೆ ಬಾರದೆ ಇರಲಾರವು.

ಹೊಸದಾಗಿ ಬಂದ ಕಳೆಗಳನ್ನು ಎಳೆಯದರಲ್ಲಿಯೇ ನಿರ್ಮೂಲ ಮಾಡಬೇಕೆಂದು 1996ರಿಂದ ಅಲ್ಲಿ ಪ್ರಯತ್ನಗಳು ಆರಂಭವಾದವು. ನಾಲ್ಕು ದ್ವೀಪಗಳಲ್ಲಿ 23 ಜಾತಿಯ ಸಸ್ಯಗಳ ಮೇಲೆ ಒಟ್ಟು 30 ಯೋಜನೆಗಳನ್ನು ಕೈಕೊಂಡರು. 2010ರಲ್ಲಿ ಲೆಕ್ಕ ತೆಗೆದಾಗ ಪೂರ್ಣವಾಗಿ ಜಯ ದೊರೆತದ್ದು ನಾಲ್ಕರಲ್ಲಿ ಮಾತ್ರ. ಆ ನಾಲ್ಕರ ಲಕ್ಷಣವನ್ನು ನಮ್ಮ ಓದುಗರು ಚೆನ್ನಾಗಿ ಗಮನಿಸಬೇಕು. ನಾಲ್ಕೂ ಕಡೆ ಕಳೆಯು ಎರಡೂವರೆ ಎಕರೆಗಿಂತ ಕಡಮೆ ನೆಲದಲ್ಲಿತ್ತು; ಆ ನೆಲವು ಒಬ್ಬನೇ ಒಡೆಯನಿಗೆ ಸೇರಿತ್ತು; ಮತ್ತು ಆ ಸಸ್ಯದ ಬೀಜವು ಮಣ್ಣಿನಲ್ಲಿ ಬಹುಕಾಲ ಉಳಿಯತಕ್ಕದ್ದಾಗಿರಲಿಲ್ಲ. ನಮ್ಮ ರಬ್ಬರ್ ತೋಟಗಳಲ್ಲಿ ನೆಲಕ್ಕೆ ಹೊದಿಕೆಯಾಗಿ ಬೆಳೆಸುವ ಪ್ಯುರೇರಿಯ ಎಂಬ ಬಳ್ಳಿಯು ಹೀಗೆ ನಿರ್ಮೂಲವಾದವುಗಳಲ್ಲಿ ಒಂದು. ಉಳಿದ 26ರಲ್ಲಿ ಕೆಲವಕ್ಕೆ ಹಣ ಸಾಲದಾಯಿತು. ಕೆಲವು ಮೊದಲೇ ಕೈಮೀರಿದ್ದವು. ಕೆಲವಕ್ಕೆ ಜಮೀನಿನ ಒಡೆಯರು ತಮ್ಮ ಬೇಲಿಯೊಳಗೆ ಕಾಲಿಡಲು ಒಪ್ಪಲಿಲ್ಲ. ಹತ್ತು ಮಂದಿ ಒಪ್ಪಿ ಒಬ್ಬನು ಒಪ್ಪದಿದ್ದರೆ, ಕಳೆಯ ಮಟ್ಟಿಗೆ ಹತ್ತು ಮಂದಿಯೂ ಒಪ್ಪದಿದ್ದಂತೆಯೇ ಸರಿ. ಹಕ್ಕಿಗೆ ಸರ್ವೆ ಕಲ್ಲು ತಿಳಿಯದು.

ದೊಡ್ಡ ನೆಲದಲ್ಲಿ ಜಯವೇ ಇಲ್ಲವೆಂದಲ್ಲ. ಹವಾಯಿ ದ್ವೀಪಸ್ತೋಮದಲ್ಲಿ ಲೇಸಾನ್ ಎಂಬ ಸುಮಾರು 1,000 ಎಕರೆಯ ಮರಳಿನ ದ್ವೀಪವಿದೆ. ಅಲ್ಲಿಗೆ ಮುಳ್ಳುಗಾಯಿ ಬಿಡುವ ಸೆಂಕ್ರಸ್ ಎಂಬ ಹುಲ್ಲು ಸೇರಿಕೊಂಡು, ಹಕ್ಕಿಗಳು ಗೂಡು ಕಟ್ಟುತ್ತಿದ್ದ ಸ್ವಂತ ಹುಲ್ಲನ್ನು ಒತ್ತರಿಸತೊಡಗಿತು. 1991ರಿಂದ ಮೊದಲಾಗಿ ಸುಮಾರು ಹತ್ತು ವರ್ಷ ಕೆಲಸಗಾರರನ್ನು ಆ ನಿರ್ಜನ ದ್ವೀಪದಲ್ಲಿಯೇ ಇರಿಸಿ, ಒಂದೊಂದು ಬುಡವನ್ನೂ ಹುಡುಕಿ ಕೀಳಿಸಿ, ಮತ್ತೆ ಮತ್ತೆ ಅದೇ ನೆಲವನ್ನು ತುಳಿದು ನೋಡಿ ಅದನ್ನು ಇಲ್ಲವಾಗಿಸಿದರು. ದ್ವೀಪವೆಲ್ಲ ಸರ್ಕಾರದ ಒಂದೇ ಕೈಯಲ್ಲಿತ್ತು, ಹೊಸ ಬೀಜವು ಹೊರಗಿನಿಂದ ಬರುವಂತಿರಲಿಲ್ಲ, ಮತ್ತು ಕೆಲಸವನ್ನು ನಡುವೆ ನಿಲ್ಲಿಸಲಿಲ್ಲ. ಈ ಮೂರೂ ಕೂಡಿಬಂದದ್ದರಿಂದ ಅದು ಸಾಧ್ಯವಾಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವು ಗಲಾಪಗೋಸಿನ ಸಾಂತಿಯಾಗೋ ದ್ವೀಪದ್ದು. ಅಲ್ಲಿ ಕಾಡುಬಿದ್ದ ಮೇಕೆಗಳು ಗಿಡಮರಗಳನ್ನೆಲ್ಲ ಮೇದು ನೆಲವನ್ನು ಬೋಳುಮಾಡಿದ್ದವು. 2006ರ ಹೊತ್ತಿಗೆ 79,000ಕ್ಕೂ ಹೆಚ್ಚು ಮೇಕೆಗಳನ್ನು ಕೊಂದು ದ್ವೀಪವನ್ನು ಬಿಡಿಸಿದರು. ಸ್ವಂತ ಗಿಡಗಳು ಮತ್ತೆ ಚಿಗುರಿದವು. ಅದರ ಜೊತೆಯಲ್ಲಿಯೇ ಮೇಕೆಯ ಬಾಯಿಗೆ ಸಿಕ್ಕಿ ಅಡಗಿದ್ದ ರಾಸ್ಪ್‌ಬೆರಿಯೂ ತಲೆಯೆತ್ತಿತು. ಒಂದು ಉಪದ್ರವವನ್ನು ತೆಗೆಯುವಾಗ ಅದರ ಕೆಳಗೆ ಯಾವುದು ಅಡಗಿದೆಯೆಂದು ಮೊದಲೇ ನೋಡಿಕೊಳ್ಳತಕ್ಕದ್ದು.

ಸಾಂತಾಕ್ರೂಜಿನ ಕಾಡುಗಳಲ್ಲಿ ಈಗ ನಡೆಸುತ್ತಿರುವ ಕ್ರಮವು ಹೀಗಿದೆ: ಮಚ್ಚಿನಿಂದ ಪೊದೆಯನ್ನು ನೆಲಮಟ್ಟಕ್ಕೆ ಕಡಿಯುವುದು, ಮತ್ತೆ ಬಂದ ಚಿಗುರಿಗೆ ಮಾತ್ರ ಕಳೆನಾಶಕ ಔಷಧವನ್ನು ಹೊಡೆಯುವುದು, ಮೊಳೆತ ಸಸಿಗಳನ್ನು ಪುನಃ ಪುನಃ ತೆಗೆಯುವುದು. ಹೀಗೆ ಬಿಡಿಸಿದ ತಾಕುಗಳಲ್ಲಿ ಸ್ಕೇಲೀಸಿಯದ ಮರಿಗಳು ಎದ್ದಿರುವುದು ಸಂತೋಷದ ಸಂಗತಿ. ಆದರೆ ಕಡಿದ ಮೊದಲಲ್ಲಿ ನೆಲ ಬರಿದಾಗಿ ಹುಳುಗಳು ಕಡಮೆಯಾದ್ದರಿಂದ ಗೂಡಿನಲ್ಲಿರುವ ಹಕ್ಕಿಮರಿಗಳಿಗೆ ಆಹಾರದ ತೊಂದರೆ ಉಂಟಾಯಿತೆಂದೂ ಕಂಡುಕೊಂಡಿದ್ದಾರೆ. ಕಾಡೆಲ್ಲವನ್ನೂ ಒಂದೇ ಸಲ ಬೋಳಿಸದೆ ತಾಕು ತಾಕಾಗಿ ಮುಂದುವರಿಯುವುದು ಲೇಸೆಂದು ಇದರಿಂದ ತೋರುತ್ತದೆ.

ಶತ್ರುವಿಗೆ ಶತ್ರು

ಕೈಯಿಂದ ಕೀಳಲಾಗದಷ್ಟು ಹಬ್ಬಿದ ಕಳೆಗೆ ಅದರ ಹುಟ್ಟುನೆಲದಿಂದ ಶತ್ರುವನ್ನು ತಂದುಬಿಡುವ ಉಪಾಯವೊಂದುಂಟು. ಇದರಲ್ಲಿ ದಕ್ಷಿಣ ಭಾರತಕ್ಕೂ ಸಿಂಹಳ ದ್ವೀಪಕ್ಕೂ ಹಳೆಯ ಸಂಬಂಧವಿದೆ. ಕೆಂಪು ಬಣ್ಣ ತೆಗೆಯಲು ಕಾಚಿನೀಲ್ ಹುಳುವೆಂದು ತಪ್ಪು ತಿಳಿದು 1795ರಲ್ಲಿ ಬ್ರೆಜಿಲ್ ಕಡೆಯಿಂದ ಭಾರತಕ್ಕೆ ತಂದ ಒಂದು ಕೀಟವು ಬಣ್ಣವನ್ನೇನೂ ಕೊಡಲಿಲ್ಲ; ಅದರ ಬದಲು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ತೀರಿಸಿತು. 1865ರ ಸುಮಾರಿಗೆ ಅದನ್ನು ಇಲ್ಲಿಂದ ಸಿಂಹಳಕ್ಕೆ ಒಯ್ದರು. ಮತ್ತೊಂದು ಜಾತಿಯ ಕಳ್ಳಿಗೆ ಬೇರೆಯೇ ಕೀಟವು ಬೇಕಾಗಿದ್ದು, ಅದನ್ನು 1924ರಲ್ಲಿ ಸಿಂಹಳದಲ್ಲಿಯೂ 1926ರಲ್ಲಿ ದಕ್ಷಿಣ ಭಾರತದಲ್ಲಿಯೂ ಬಿಟ್ಟರು. ಕೆಲವೇ ವರ್ಷಗಳಲ್ಲಿ ಹೊಲಗಳನ್ನೂ ಊರ ಸುತ್ತಣ ನೆಲವನ್ನೂ ಕಟ್ಟಿಹಾಕಿದ್ದ ಕಳ್ಳಿಯ ಮೆಳೆಗಳು ಕೊಳೆತು ಬಿದ್ದವು.

ಆದರೆ ಈ ಉಪಾಯವನ್ನು ಎಲ್ಲಿ ಬೇಕೆಂದರಲ್ಲಿ ಪ್ರಯೋಗಿಸಲಾಗದು. ನಮಗೆ ಪೀಡೆಯಾಗಿದ್ದ ಆ ಕಳ್ಳಿಯ ಬಂಧುಗಳೇ ಗಲಾಪಗೋಸಿನಲ್ಲಿ ಸ್ವಂತ ಸಸ್ಯಗಳು. ಮರದಷ್ಟು ಬೆಳೆಯುವ ಆ ಕಳ್ಳಿಯ ಹಣ್ಣೂ ತಿರುಳೂ ದೈತ್ಯಾಕಾರದ ಆಮೆಗಳಿಗೂ ಉಡಗಳಂಥ ಇಗ್ವಾನಗಳಿಗೂ ಬೇಸಗೆಯ ಅನ್ನಪಾನಗಳಾಗಿವೆ. ಇಲ್ಲಿ ನಮ್ಮನ್ನು ಕಾಪಾಡಿದ ಹುಳು ಅಲ್ಲಿಗೆ ಹೋದರೆ ಆ ಪ್ರಾಣಿಗಳ ಗತಿಯೇನು? ಹಾಗೆಯೇ 1938ರಲ್ಲಿ ಅಂದಕ್ಕೆಂದು ಫ್ಲೋರಿಯಾನಾ ದ್ವೀಪಕ್ಕೆ ತಂದ ಲಂಟಾನವು ಅಲ್ಲಿ ಕಡಲಹಕ್ಕಿಗಳ ಬಿಲಗಳಿರುವ ಇಳಿಜಾರುಗಳಿಗೆ ಮುತ್ತಿಗೆ ಹಾಕಿದೆ. ಆದರೂ ಲಂಟಾನಕ್ಕೆ ಹುಳುವನ್ನು ಬಿಡಬೇಕೆಂದರೆ, ಆ ದ್ವೀಪಗಳಿಗೇ ಸ್ವಂತವಾದ ಬೇರೊಂದು ಲಂಟಾನವೂ ಉಂಟಾದ್ದರಿಂದ ಬಹಳ ಎಚ್ಚರ ಬೇಕಾಗಿದೆ. ರಾಸ್ಪ್‌ಬೆರಿಯ ವಿಷಯದಲ್ಲಿ ಮಾತ್ರ ಅನುಕೂಲವಿದೆ: ರೂಬಸ್ ಜಾತಿಯ ಸ್ವಂತ ಗಿಡ ಅಲ್ಲಿ ಒಂದೂ ಇಲ್ಲ. ಆದುದರಿಂದ ಅದಕ್ಕೆ ಹತ್ತುವ ರೋಗಗಳನ್ನೂ ಹುಳುಗಳನ್ನೂ ಅದರ ತವರಾದ ಏಷ್ಯದಲ್ಲಿ ವಿಜ್ಞಾನಿಗಳು ಹುಡುಕಿ ಪರೀಕ್ಷಿಸುವ ಕೆಲಸವನ್ನು ಕೈಕೊಂಡಿರುತ್ತಾರೆ.

ನಮ್ಮ ಹಿಡುವಳಿದಾರರಿಗೆ

ಲಂಟಾನವು 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದದ್ದು. ನಮ್ಮ ಕಾಡಂಚಿನ ಗ್ರಾಮಗಳಲ್ಲಿ ಅದರ ಪರಿಚಯ ಮಾಡಿಕೊಡಬೇಕಾದುದಿಲ್ಲ. ಗಲಾಪಗೋಸಿನ ಅನುಭವವನ್ನು ಇದಕ್ಕೆ ಅನ್ವಯಿಸಿ ಹೇಳುವುದಾದರೆ, ಪೂರ್ಣವಾಗಿ ಹಬ್ಬಿದ ಗುಡ್ಡದ ಮೇಲೆ ಮೊದಲು ಕೈಹಾಕುವುದು ದುಡ್ಡು ದಂಡ. ಒಂದೆರಡು ಪೊದೆ ಮಾತ್ರ ಕಾಣಿಸಿಕೊಂಡಿರುವ ಹೊಲ, ಕೆರೆಯ ಏರಿ, ಗೋಮಾಳಗಳಿಂದ ಆರಂಭಿಸಿ, ದಟ್ಟವಾದ ಕಡೆಗೆ ಕ್ರಮವಾಗಿ ಸರಿಯಬೇಕು. ಬೆಂಕಿ ಹಾಕಿದರೆ ಲಂಟಾನವು ಬುಡದಿಂದ ಇಮ್ಮಡಿಯಾಗಿ ಚಿಗುರುತ್ತದೆ. ಬರಿಯ ಕಾಂಡವನ್ನು ಕಡಿದರೂ ಇದೇ ಗತಿ. ಮಣ್ಣಿನ ಮಟ್ಟಕ್ಕಿಂತ ಎರಡು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಬುಡ ಮೇಲಾಗಿ ತಲೆ ಕೆಳಗಾಗಿ ಗಿಡವನ್ನು ನಿಲ್ಲಿಸಿಬಿಟ್ಟರೆ ಅದು ಮತ್ತೆ ಬೇರೂರದೆ ಒಣಗುತ್ತದೆ. ಈ ಕೆಲಸವನ್ನು ಕಾಯಿ ಕಪ್ಪಾಗುವುದಕ್ಕೆ ಮೊದಲು, ನೆಲ ಮೆತ್ತಗಿರುವಾಗ ಮಾಡತಕ್ಕದ್ದು. ಹಕ್ಕಿಗಳು ಕೂರುವ ಒಂಟಿಮರಗಳ ಕೆಳಗೂ ಬೇಲಿಸಾಲಿನಲ್ಲಿಯೂ ಮುಂದಿನ ಮಳೆಗಾಲದಲ್ಲಿ ಸಸಿಗಳು ಗುಂಪಾಗಿ ಮೊಳೆಯುತ್ತವೆ. ಅವುಗಳನ್ನು ಕೈಯಿಂದಲೇ ಕೀಳಬಹುದು. ಬಿಡಿಸಿದ ನೆಲವನ್ನು ಬರಿದಾಗಿ ಬಿಡದೆ ಊರಿನ ಹುಲ್ಲನ್ನೋ ಮರಗಳನ್ನೋ ಎಬ್ಬಿಸಬೇಕು.

ಬೇಲಿಗೆ ಚೆನ್ನಾಗಿದೆ, ಸೌದೆಗೆ ಆಗುತ್ತದೆ, ಆದ್ದರಿಂದ ಇರಲಿ ಎಂದು ಹೇಳುವವರು ಎಲ್ಲ ಊರಿನಲ್ಲಿಯೂ ಸಿಕ್ಕುತ್ತಾರೆ. ಲಂಟಾನದ ಕಡ್ಡಿಯಿಂದ ಕುರ್ಚಿ ಬುಟ್ಟಿಗಳನ್ನು ಹೆಣೆದು ಮಲೆಯ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಸೋಲಿಗರು ಜೀವನ ಮಾಡಿಕೊಳ್ಳುತ್ತಿರುವುದು ಶ್ಲಾಘ್ಯವೇ ಸರಿ. ಗಲಾಪಗೋಸಿನಲ್ಲಿಯೂ 1940ರ ದಶಕದಲ್ಲಿ ತಂದು ನೆಟ್ಟ ಸಿಂಕೋನ ಮರದಿಂದ ಜನರು ತೊಲೆ ಹಲಗೆಗಳನ್ನು ಮಾಡಿಕೊಳ್ಳುತ್ತಾರೆ. ಆದರೂ ಆ ಮರವು 27,000 ಎಕರೆಗಳವರೆಗೆ ಹಬ್ಬಿತು. ಉಪಯೋಗಿಸಿಕೊಳ್ಳುವುದು ಬೇರೆ, ಅಡಗಿಸುವುದು ಬೇರೆ. ಬೆಳೆಸಿಕೊಂಡು ಉಪಯೋಗಿಸುವುದಂತೂ ನೆರೆಯವನಿಗೆ ಮಾಡುವ ಅನ್ಯಾಯ.

ಗ್ರಾಮದ ಯಜಮಾನರಾದವರು ಮಳೆಗೆ ಮೊದಲು ಹಿಡುವಳಿದಾರರನ್ನು ಒಂದುಗೂಡಿಸಿ, ಯಾವ ಯಾವ ತಾಕಿನಲ್ಲಿ ಕಳೆಯಿದೆ, ಯಾರು ಊರಿನಲ್ಲಿಲ್ಲ, ಅವರ ಬೀಳು ಜಮೀನಿಗೆ ಯಾರು ಹೊಣೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಪರಊರಿನಲ್ಲಿರುವ ಒಡೆಯರಿಂದ ಒಪ್ಪಿಗೆಯನ್ನು ಕಾಗದದ ಮೂಲಕವಾದರೂ ಮುಂಚೆಯೇ ಪಡೆಯತಕ್ಕದ್ದು. ಕೆಲಸಕ್ಕೆ ಇಳಿದ ದಿನ ಗೇಟಿನ ಮುಂದೆ ನಿಂತು ಕಾಯುವುದರಿಂದ ಪ್ರಯೋಜನವಿಲ್ಲ. ಕಿತ್ತ ತಾಕುಗಳನ್ನು ಕಡಮೆಯೆಂದರೆ ಐದು ವರ್ಷ, ವರ್ಷಕ್ಕೆ ಎರಡು ಸಲ ನಡೆದು ನೋಡಬೇಕು.

ಮೊದಲು ಎಂದೂ ಕಾಣದಿದ್ದ ಗಿಡವೊಂದು ಹೊಲದಲ್ಲಾಗಲಿ ಕೆರೆಯಲ್ಲಾಗಲಿ ಕಂಡರೆ, ಅದನ್ನು ಚೆಲುವೆಂದು ಮನೆಯಂಗಳಕ್ಕೆ ಒಯ್ಯದೆ, ಎಲೆ ಹೂ ಕಾಯಿಗಳಿರುವ ಒಂದು ಕೊಂಬೆಯನ್ನು ಹಳೆಯ ಕಾಗದದ ನಡುವೆ ಒತ್ತಿ ಒಣಗಿಸಿ, ಬೀಜ ಉದುರದಂತೆ ಗಟ್ಟಿಯಾಗಿ ಕಟ್ಟಿ, ಸಿಕ್ಕಿದ ಸ್ಥಳ ತಾರೀಖುಗಳನ್ನು ಬರೆದು ಹತ್ತಿರದ ವ್ಯವಸಾಯ ಇಲಾಖೆಯವರಿಗೆ ಒಪ್ಪಿಸಬಹುದು. ಉಳಿದ ಗಿಡವನ್ನು ಉತ್ತರ ಬರುವವರೆಗೆ ಹೂ ಬಿಡಲು ಬಿಡಕೂಡದು.